ದೋಣಿಯೊಳಗೆ ಕಾರ್ಪೆಟ್ ಹೋಗಿ ಟೈಲ್ಸ್ ಬಂದದ್ದು



ಗ್ರ್ಯಾಂಡ್ ಯೂನಿಯನ್ ಕಾಲುವೆಯಲ್ಲಿ ನಮ್ಮದೊಂದು ಹಳೆಯ ನ್ಯಾರೋಬೋಟ್ ಇರುವುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಅದರೊಳಗಿನ ಕಾರ್ಪೆಟ್ ಕಿತ್ತು ಟೈಲ್ಸ್ ಹಾಕಿದ್ದು ಹೇಗೆಂದು ಕೇಳಿದವರಿಗೆಲ್ಲ ಒಟ್ಟಿಗೆ ಉತ್ತರವಾಗಲೆಂದು ಈ ಬರಹ. ತೇವ ಹಿಡಿಯುವ ಹಳೆಯ ಮನೆಯಲ್ಲಿ ಇರುವವರಿಗೂ ಇದು ಉಪಯೋಗವಾದೀತು.

ಮೊದಲು ದೋಣಿಯ ನೆಲದ ರಚನೆ. ನ್ಯಾರೋಬೋಟಿನ ಅಗಲ ಸುಮಾರು 6 ಅಡಿ 10 ಇಂಚು. ತಳಕ್ಕೆ ಉಕ್ಕಿನ ತಗಡು, ಸಾಮಾನ್ಯವಾಗಿ 10 ಮಿ.ಮೀ. ದಪ್ಪ. ದೋಣಿ ನೀರಿನಲ್ಲಿ ಸರಿಯಾಗಿ ಕೂರಲೆಂದು ಅದರ ಮೇಲೆ ಇಟ್ಟಿಗೆ ಅಥವಾ ಕಾಂಕ್ರೀಟ್ ಚಪ್ಪಡಿಗಳ ಭಾರ. ಅದರ ಮೇಲೆ ಪ್ಲೈವುಡ್, ಕೊನೆಗೆ ಕಾರ್ಪೆಟ್. ಪ್ಲೈವುಡ್ಡಿನ ಕೆಳಗೆ ಏನಾಗುತ್ತಿದೆ ಎಂದು ನೋಡಲು ಒಂದು ಮುಚ್ಚಳ ಇರಬೇಕು.

ಊರಿನಿಂದ ಬಂದಿದ್ದ ಅಮ್ಮ ಎರಡನೆಯ ದಿನವೇ, "ಒರೆಸೋಕೆ ಬಾರದ ನೆಲ ಅದೆಂಥ ನೆಲವೋ! ಮುಗ್ಗಲು ವಾಸನೆ ನಿನ್ನ ಮೂಗಿಗೆ ಗೊತ್ತಾಗಲ್ವಾ?" ಎಂದರು. ತಪ್ಪೆಲ್ಲ ಕಾರ್ಪೆಟ್ಟಿನದು ಎಂದುಕೊಂಡು ಶನಿವಾರವೇ ಟೈಲ್ಸ್ ಕೊಂಡು ತಂದೆ.

ಕಾರ್ಪೆಟ್ ಎತ್ತಿದರೆ ಒಂದು ಮೂಲೆಯಲ್ಲಿ ಪ್ಲೈವುಡ್ ಕಪ್ಪಾಗಿತ್ತು. ಸ್ಕ್ರೂಡ್ರೈವರ್ ಒತ್ತಿದರೆ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಕಾರ್ಪೆಟ್ಟಿನಡಿ ಮರೆಯಾಗಿದ್ದ ಮುಚ್ಚಳ ತೆರೆದೆ. ಕೆಳಗೆ ಎರಡು ಇಂಚು ನೀರು! ನೀರೆಲ್ಲ ತೆಗೆದು, ಒರೆಸಿ, ಪ್ರತಿ ಪೈಪಿನ ಜೋಡಣೆಯ ಕೆಳಗೆ ಒಂದೊಂದು ಕಾಗದದ ಟವಲ್ ಇಟ್ಟೆ. ಸಂಜೆಗೆ ಸ್ನಾನದ ನೀರಿನ ಪಂಪಿನ ಕೆಳಗಿನದು ಮಾತ್ರ ಒದ್ದೆ. ಅವಸರದಲ್ಲಿ ಟೈಲ್ಸ್ ಅಂಟಿಸಿದ್ದರೆ ಆ ನೀರು ಯಾರ ಕಣ್ಣಿಗೂ ಬೀಳದೆ ಉಕ್ಕನ್ನು ತಿನ್ನುತ್ತಲೇ ಇರುತ್ತಿತ್ತು. ಜೋಡಣೆ ಸರಿಪಡಿಸಿ, ತುಕ್ಕು ಕೆರೆದು ಬಣ್ಣ ಬಳಿದು, ಎಲ್ಲ ಒಣಗಲು ಮೂರು ವಾರ ಬೇಕಾಯಿತು. ಟೈಲ್ಸ್ ಅಷ್ಟು ದಿನ ಪೆಟ್ಟಿಗೆಯಲ್ಲೇ ಕಾದವು.

ಯಾವ ಟೈಲ್ಸ್? ನನಗೆ ಸೆರಾಮಿಕ್ ಆಸೆಯಿತ್ತು. ಲೆಕ್ಕ ಹಾಕಿದೆ: ನಮ್ಮ ನೆಲ ಸುಮಾರು 15 ಚದರ ಮೀಟರ್. ಅಂಟು, ಗ್ರೌಟ್ ಸೇರಿ ಚದರ ಮೀಟರಿಗೆ ಸುಮಾರು 22 ಕಿಲೋ, ಅಂದರೆ ಒಟ್ಟು 330 ಕಿಲೋ. ನಮ್ಮ 45 ಅಡಿ ದೋಣಿ ಅಷ್ಟಕ್ಕೆ ಒಂದು ಸೆಂಟಿಮೀಟರಿಗಿಂತ ಹೆಚ್ಚು ಕೆಳಗಿಳಿಯುತ್ತದೆ. ಇನ್ನೊಂದು ತೊಂದರೆ, ನಡೆದಾಡುವಾಗ ಪ್ಲೈವುಡ್ ಬಾಗಿದರೆ ಗ್ರೌಟ್ ಬಿರುಕು ಬಿಡುತ್ತದೆ. 2.5 ಮಿ.ಮೀ. ವಿನೈಲ್ ಟೈಲ್ಸ್ ಆದರೆ ಒಟ್ಟು ಸುಮಾರು 70 ಕಿಲೋ, ಜೊತೆಗೆ ನೆಲದೊಂದಿಗೆ ತಾವೂ ಸ್ವಲ್ಪ ಬಾಗುತ್ತವೆ. ನಾನು ಆರಿಸಿದ್ದು ಅದನ್ನೇ. ಸೌದೆ ಒಲೆಯ ಸುತ್ತ ಮಾತ್ರ ಬೆಂಕಿಗೆ ಜಗ್ಗದ ಸೆರಾಮಿಕ್.

ಕೆಲಸದ ಕ್ರಮ ಹೀಗೆ:

1. ಕಾರ್ಪೆಟ್ಟಿನ ಮೊಳೆ, ಪಿನ್ನು, ಹಳೆಯ ಅಂಟು ಪೂರ್ತಿ ತೆಗೆಯಿರಿ. ಕೊಳೆತ ಪ್ಲೈವುಡ್ ಕತ್ತರಿಸಿ ಹೊಸದು ಹಾಕಿ.

2. ಮೇಲೆ 6 ಮಿ.ಮೀ. ಪ್ಲೈವುಡ್ ಹಾಸಿ. ಹಳೆಯ ಸಂದಿನ ಮೇಲೆ ಹೊಸ ಸಂದು ಬರಬಾರದು. ಸ್ಕ್ರೂ ತಲೆಗಳು ಒಳಗೆ ಇಳಿದಿರಲಿ.

3. ಟೈಲ್ಸ್ ಪೆಟ್ಟಿಗೆಗಳನ್ನು ಎರಡು ದಿನ ಮೊದಲೇ ದೋಣಿಯೊಳಗೆ ಬೆಚ್ಚಗಿಡಿ.

4. ರಸಮಟ್ಟ ನಂಬಬೇಡಿ. ನೀರಿನ ಟ್ಯಾಂಕ್ ತುಂಬಿದಾಗ ಒಂದು ಮಟ್ಟ, ಖಾಲಿಯಾದಾಗ ಇನ್ನೊಂದು! ನಡುವೆ ದಾರ ಎಳೆದು ಗೆರೆ ಹಾಕಿ, ಅಲ್ಲಿಂದ ಎರಡೂ ಬದಿಗೆ ಜೋಡಿಸುತ್ತ ಹೋಗಿ. ಅಂಚಿನಲ್ಲಿ 5 ಮಿ.ಮೀ. ಜಾಗ ಬಿಡಿ.

5. ಮುಚ್ಚಳದ ಮೇಲೆ ಬರುವ ಟೈಲ್ಸನ್ನು ಅದರ ಅಳತೆಗೇ ಕತ್ತರಿಸಿ ಅಂಟಿಸಿ. ಎಷ್ಟೇ ಚೆಂದ ಕಂಡರೂ ಮುಚ್ಚಳದ ಸಂದನ್ನು ಮುಚ್ಚಬೇಡಿ.

ಈಗ ತಿಂಗಳಿಗೊಮ್ಮೆ ಮುಚ್ಚಳ ಎತ್ತಿ ಕೈಯಾಡಿಸಿ ನೋಡುತ್ತೇನೆ. ಕೈ ಒಣಗಿಯೇ ಮೇಲೆ ಬಂದರೆ ಸಮಾಧಾನ. ಅಮ್ಮನಿಗೆ ವಿಡಿಯೋದಲ್ಲಿ ಹೊಸ ನೆಲ ತೋರಿಸಿದೆ. "ಚೆನ್ನಾಗಿದೆ, ದಿನಾ ಒರೆಸ್ತೀಯಾ?" ಎಂದರು. ಅದಕ್ಕೆ ಮಾತ್ರ ಇನ್ನೂ ಉತ್ತರ ಕೊಟ್ಟಿಲ್ಲ.

ನಿಮ್ಮಲ್ಲಿ ಯಾರಿಗಾದರೂ ಇಂಥ ಅನುಭವವಿದ್ದರೆ ಮುಂದಿನ ಸಂಚಿಕೆಗೆ ಖಂಡಿತ ಬರೆಯಿರಿ.