ಹೊಸ ಬಿಡಿಭಾಗ, ಹಳೆಯ ಎಸ್‌ಎಂಪಿಎಸ್: ವೆರ್ಣಾದಲ್ಲಿರುವ ತಮ್ಮನಿಗೊಂದು ಪತ್ರ



ಗ್ರಾಫಿಕ್ಸ್ ಕಾರ್ಡ್, ರ‍್ಯಾಮ್ ಅಥವಾ ಪ್ರೊಸೆಸರ್ ಬದಲಿಸಿದ ಮೇಲೆ ಕಂಪ್ಯೂಟರ್ ಹೊತ್ತುಗೊತ್ತಿಲ್ಲದೆ ಆರಿಹೋಗತೊಡಗಿದರೆ ಮೊದಲ ಅನುಮಾನ ಹೊಸದಾಗಿ ಒಳಗೆ ಬಂದದ್ದರ ಮೇಲೆ, ಎರಡನೆಯದು ಅದಕ್ಕೆ ವಿದ್ಯುತ್ ಕೊಡುವ ಎಸ್‌ಎಂಪಿಎಸ್ ಮೇಲೆ ಬೀಳಬೇಕು. ವಿಂಡೋಸ್ ಸರದಿ ಬರುವುದು ಬಹಳ ಆಮೇಲೆ. ಈಗಿನ ಹುಡುಗರಲ್ಲಿ ಕ್ರಮ ತಲೆಕೆಳಗಾಗಿದೆ. ಮೊದಲು ಫಾರ್ಮ್ಯಾಟ್, ಆಮೇಲೆ ಇನ್ನೊಂದು ಜೊತೆ ರ‍್ಯಾಮ್‌ಗೆ ಆರ್ಡರ್, ಕೊನೆಗೆ ಮದರ್‌ಬೋರ್ಡೇ ಸರಿಯಿಲ್ಲವೆಂಬ ತೀರ್ಪು. ಊರು ಬಿಟ್ಟು ಗೋವಾದಲ್ಲಿ ದುಡಿದು ಕೂಡಿಸಿದ ದುಡ್ಡು ಹೀಗೆ ಹೋಗುವುದನ್ನು ಕೇಳಿದರೆ ಹಿರಿಯರಿಗೆ ಕಳವಳವಾಗುತ್ತದೆ, ಸಿಟ್ಟೂ ಬರುತ್ತದೆ.

ವೆರ್ಣಾದ ಕೈಗಾರಿಕಾ ವಸಾಹತಿಗೂ ಮದರ್‌ಬೋರ್ಡಿಗೂ ಹಳೆಯ ನಂಟಿದೆ. ಸ್ಮಾರ್ಟ್‌ಲಿಂಕ್ ಕಂಪನಿಯ ನೆಲೆ ಅಲ್ಲಿಯದು. ಡಿಜಿಲೈಟ್ ಹೆಸರಿನ ಮದರ್‌ಬೋರ್ಡುಗಳನ್ನು ಮಾರುಕಟ್ಟೆಗೆ ತಂದದ್ದು ಅದೇ ಕಂಪನಿ. ಅಂಥ ಊರಿನಲ್ಲಿದ್ದುಕೊಂಡು ಬೋರ್ಡೆಂದರೆ ಮುಚ್ಚಿದ ಪೆಟ್ಟಿಗೆ ಎಂದು ದೂರ ನಿಲ್ಲಬೇಕಾಗಿಲ್ಲ.

ಈ ಪತ್ರ ಬರೆಯುವವರ ಪ್ರಾಯದ ದಿನಗಳು ಹುಬ್ಬಳ್ಳಿಯ ರಿಪೇರಿ ಮೇಜಿನ ಮುಂದೆ ಕಳೆದವು. ಕೆಪಾಸಿಟರ್‌ಗಳು ಉಬ್ಬುತ್ತಿದ್ದ ಕಾಲ ಅದು. ಸುಮಾರು 1999ರಿಂದ 2007ರವರೆಗೆ ಜಗತ್ತಿನಾದ್ಯಂತ ಲೆಕ್ಕವಿಲ್ಲದಷ್ಟು ಬೋರ್ಡುಗಳು ಇದೇ ಒಂದು ದೋಷದಿಂದ ಹಾಳಾದವು. ಕೆಪಾಸಿಟರ್ ಒಳಗಿನ ದ್ರಾವಣ ಕಳಪೆಯಾಗಿದ್ದು ಅನಿಲ ಹುಟ್ಟುತ್ತಿತ್ತು. ನೆತ್ತಿಯ ಮೇಲಿನ ಗೀರು ಉಬ್ಬಿ, ಕೆಲವೊಮ್ಮೆ ಬಾಯಿಬಿಟ್ಟು ಕಂದು ಬಣ್ಣದ ಕಸರು ಹೊರಬರುತ್ತಿತ್ತು. ಗಿರಾಕಿಗಳು ತರುತ್ತಿದ್ದ ದೂರು ಮಾತ್ರ ಬೇರೆ: “ಹೊಸ ರ‍್ಯಾಮ್ ಹಾಕಿಸಿದಾಗಿನಿಂದ ತಾನಾಗಿಯೇ ರೀಸ್ಟಾರ್ಟ್ ಆಗ್ತದ್ರಿ.” ರ‍್ಯಾಮ್ ನಿರ್ದೋಷಿಯಾಗಿರುತ್ತಿತ್ತು. ಪ್ರೊಸೆಸರ್ ಪಕ್ಕದ ಕೆಪಾಸಿಟರ್ ಮೊದಲೇ ಸೋತಿದ್ದು, ಹೊಸ ಹೊರೆ ಬಿದ್ದಾಗ ಅದು ಬಯಲಾಗುತ್ತಿತ್ತು. ಹೊಸ ಭಾಗ ರೋಗ ತರುವುದಕ್ಕಿಂತ ಇದ್ದ ರೋಗವನ್ನು ತೋರಿಸುವುದೇ ಹೆಚ್ಚು ಎಂಬುದನ್ನು ಆ ತಲೆಮಾರು ಕೈಯಾರೆ ಕಂಡಿದೆ.

ಪಿಸಿ100 ರ‍್ಯಾಮ್ ಜೊತೆಗೆ ಬೇರೆ ವೇಗದ ಪಿಸಿ133 ಸೇರಿಸಿದ ಯಂತ್ರಗಳೂ ಮೇಜಿಗೆ ಬರುತ್ತಿದ್ದವು. ಬಂದ ಕೂಡಲೇ ಮಾಡುವ ಕೆಲಸ ರ‍್ಯಾಮಿನ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ತಿಕ್ಕಿ ಮತ್ತೆ ಕೂರಿಸುವುದು. ಅರ್ಧ ತೊಂದರೆ ಅಲ್ಲೇ ಮುಗಿಯುತ್ತಿತ್ತು. ಎಸ್‌ಎಂಪಿಎಸ್‌ನ ಚೀಟಿಯ ಮೇಲೆ 450 ವ್ಯಾಟ್ ಎಂದಿದ್ದರೂ ನಂಬದೆ ಕೈಯಲ್ಲೆತ್ತಿ ತೂಕ ನೋಡುತ್ತಿದ್ದರು. ಹಗುರವಿದ್ದರೆ ಒಳಗಿನ ಟ್ರಾನ್ಸ್‌ಫಾರ್ಮರ್ ಸಣ್ಣದು, ಹೀಟ್‌ಸಿಂಕ್ ತೆಳುವಾದದ್ದು ಎಂದೇ ಲೆಕ್ಕ. ಒಂದು ಭಾಗ ತೆಗೆದು ಓಡಿಸಿ ನೋಡುವುದು, ಕಂಡದ್ದನ್ನು ನೋಟ್‌ಬುಕ್ಕಿನಲ್ಲಿ ಬರೆಯುವುದು, ಆಮೇಲಷ್ಟೇ ಇನ್ನೊಂದಕ್ಕೆ ಕೈಹಾಕುವುದು. ಎರಡು ಭಾಗ ಒಟ್ಟಿಗೆ ಬದಲಿಸಿದ ಹುಡುಗನಿಗೆ ಮೇಜಿನ ಹಿರಿಯರಿಂದ ಬೈಗುಳ ಖಚಿತವಾಗಿತ್ತು. ಆ ಬೈಗುಳದಲ್ಲಿ ನ್ಯಾಯವಿತ್ತು. ಎರಡನ್ನೂ ಬದಲಿಸಿದ ಮೇಲೆ ಯಂತ್ರ ಸರಿಹೋದರೂ ಕಾರಣ ತಿಳಿಯುವುದಿಲ್ಲ.

ಈಗಿನ ಯಂತ್ರಕ್ಕೂ ಇದೇ ಕ್ರಮ ಸಾಕು. ಹೊಸ ಭಾಗವನ್ನು ತೆಗೆದು, ಹಳೆಯದನ್ನೇ ಹಾಕಿ ಒಂದೆರಡು ದಿನ ಓಡಿಸಬೇಕು. ಆಗ ತೊಂದರೆ ಕಾಣಿಸದಿದ್ದರೆ ಹುಡುಕುವ ಜಾಗ ಕಿರಿದಾಯಿತು. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್-ಪವರ್ 41’ ಎಂದು ಕಂಡರೆ ಅದನ್ನೇ ರೋಗವೆಂದು ತಿಳಿಯಬಾರದು. ಯಂತ್ರ ಕ್ರಮವಾಗಿ ಮುಚ್ಚಿಕೊಳ್ಳದೆ ನಿಂತಿತು ಎಂಬಷ್ಟೇ ಅದರ ಅರ್ಥ. ದೋಷದ ಪರದೆ ಬಂದಿದ್ದರೆ ಅದರ ಕೋಡ್ ಬರೆದಿಟ್ಟುಕೊಳ್ಳಬೇಕು. ಆ ಪರದೆಯೂ ಇಲ್ಲದೆ ದೀಪ ಆರಿದಂತೆ ಆರಿದರೆ ಅನುಮಾನ ವಿದ್ಯುತ್ತಿನ ಕಡೆ, ಅದಾದ ಮೇಲೆ ಶಾಖದ ಕಡೆ ತಿರುಗಬೇಕು.

ರ‍್ಯಾಮ್ ಹೊಸದಾದರೆ ಬಯಾಸ್‌ನಲ್ಲಿ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆಫ್ ಮಾಡಿ ಸಾಮಾನ್ಯ ವೇಗದಲ್ಲಿ ಓಡಿಸಿ ನೋಡಬೇಕು. ಪೆಟ್ಟಿಗೆಯ ಮೇಲೆ ಅಚ್ಚಾದ ವೇಗ ಹೆಚ್ಚಾಗಿ ಓವರ್‌ಕ್ಲಾಕ್ ವೇಗ. ಪ್ರತಿ ಬೋರ್ಡೂ ಅದನ್ನು ತಾಳಬೇಕೆಂದಿಲ್ಲ. ಡಿಡಿಆರ್5 ಕಡ್ಡಿಗಳನ್ನು ನಾಲ್ಕೂ ಸ್ಲಾಟ್‌ಗಳಿಗೆ ತುಂಬಿದರೆ ಈ ತೊಂದರೆ ಇನ್ನೂ ಹೆಚ್ಚು. ರಾತ್ರಿ ಮಲಗುವಾಗ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಹಚ್ಚಿಟ್ಟರೆ ಬೆಳಗಿನ ಹೊತ್ತಿಗೆ ಉತ್ತರ ಸಿಗುತ್ತದೆ. ಅದರಲ್ಲಿ ಒಂದೇ ಒಂದು ದೋಷ ಕಂಡರೂ ಉಪೇಕ್ಷೆ ಸಲ್ಲದು.

ವಿದ್ಯುತ್ತಿನ ವಿಷಯದಲ್ಲಿ ಬಾಡಿಗೆ ಕೋಣೆಯ ಯುಪಿಎಸ್ ಅನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಾಮಾನ್ಯ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್ ಮಾತ್ರ. ಹೊಸ ಗ್ರಾಫಿಕ್ಸ್ ಕಾರ್ಡ್ ಆಟದ ನಡುವೆ ಕ್ಷಣಕಾಲ ತನ್ನ ಮಿತಿಗಿಂತ ಬಹಳ ಹೆಚ್ಚು ಎಳೆಯಬಲ್ಲದು. ಕರೆಂಟ್ ಹೋಗಿ ಯುಪಿಎಸ್ ಹೊರೆ ಹೊತ್ತ ಗಳಿಗೆಯಲ್ಲಿ ಎಲ್ಲವೂ ಒಮ್ಮೆಲೇ ಆರುತ್ತದೆ. ಗೋವಾದ ಮಳೆಗಾಲದಲ್ಲಿ ಕರೆಂಟ್ ಕಣ್ಣುಮಿಟುಕಿಸುವುದು ಹೊಸದಲ್ಲ, ತೇವಕ್ಕೆ ಸಂಪರ್ಕದ ಬಿಂದುಗಳು ಕಪ್ಪಿಡುವುದೂ ಹೊಸದಲ್ಲ. ಮಳೆ ಜೋರಾದಾಗಲೇ ಕ್ರ್ಯಾಶ್ ಹೆಚ್ಚುತ್ತಿದ್ದರೆ ಅದನ್ನೂ ಬರೆದಿಡಬೇಕು. ಕ್ಯಾಬಿನೆಟ್ ಮುಟ್ಟಿದಾಗ ಜುಮ್ಮೆಂದರೆ ಅರ್ತಿಂಗ್ ಸರಿಯಿಲ್ಲವೆಂದರ್ಥ. ಎಲೆಕ್ಟ್ರಿಶಿಯನ್ ಬಂದು ನೋಡುವವರೆಗೆ ಯಂತ್ರ ಹಚ್ಚುವುದೇ ಬೇಡ.

ಇನ್ನೊಂದು ಮಾತನ್ನು ಕಟುವಾಗಿಯೇ ಹೇಳಬೇಕಾಗಿದೆ. ಒಂದು ಕಂಪನಿಯ ಎಸ್‌ಎಂಪಿಎಸ್ ಕೇಬಲ್ಲನ್ನು ಪ್ಲಗ್ ಕೂರುತ್ತದೆಂಬ ಒಂದೇ ಕಾರಣಕ್ಕೆ ಇನ್ನೊಂದರ ಎಸ್‌ಎಂಪಿಎಸ್‌ಗೆ ಚುಚ್ಚುವುದು ಬುದ್ಧಿಗೇಡಿತನ. ಒಳಗಿನ ತಂತಿಗಳ ಜೋಡಣೆ ಬೇರೆಯಿರುತ್ತದೆ. ಡಿಸ್ಕ್ ಸುಟ್ಟರೆ ಅದರೊಳಗಿನ ಮನೆಯವರ ಫೋಟೋಗಳೂ ಹೋದವು.

ಇಷ್ಟೆಲ್ಲ ಹೇಳಿದ ಮೇಲೂ ಪ್ರತಿ ಕ್ರ್ಯಾಶಿಗೂ ಹುಡುಗನೇ ಹೊಣೆಯಲ್ಲ. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಹೆಚ್ಚು ವೋಲ್ಟೇಜ್‌ನಿಂದಾಗಿ ಅಸ್ಥಿರವಾದದ್ದನ್ನು ಕಂಪನಿಯೇ 2024ರಲ್ಲಿ ಒಪ್ಪಿ, ಬಯಾಸ್ ಮೂಲಕ ಮೈಕ್ರೋಕೋಡ್ ತಿದ್ದುಪಡಿ ಕೊಟ್ಟು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಅಂಥ ಪ್ರೊಸೆಸರ್ ಇದ್ದವರು ಮಿಕ್ಕದ್ದಕ್ಕೆ ಕೈಹಾಕುವ ಮೊದಲು ಬಯಾಸ್ ಹೊಸದು ಮಾಡಿಕೊಳ್ಳಬೇಕು.

ಮಡಗಾಂವಿನ ಅಂಗಡಿಗೆ ಒಯ್ದು ಕೊಡುವುದೂ ಒಂದು ದಾರಿ. ಪಾಳಿ ಕೆಲಸ ಮಾಡುವವರಿಗೆ ಸಮಯ ಸಿಗದಿದ್ದರೆ ಅದರಲ್ಲಿ ತಪ್ಪಿಲ್ಲ. ಆದರೂ ತಿಂಗಳಿಗೊಮ್ಮೆ ಕಾಣಿಸುವ ದೋಷ ಅಂಗಡಿಯ ಮೇಜಿನ ಮೇಲೆ ಅರ್ಧ ಗಂಟೆಯಲ್ಲಿ ಕಾಣಿಸಿಕೊಳ್ಳುವುದಿಲ್ಲ. ಯಂತ್ರದ ಜೊತೆ ದಿನವೂ ಇರುವವನಿಗೇ ಅದು ಸಿಗುವುದು. ಉದಾಹರಣೆಗೆ, ಮೆಮ್‌ಟೆಸ್ಟ್‌ನಲ್ಲಿ ಒಂದು ಕಡ್ಡಿ ರ‍್ಯಾಮ್ ಯಾವ ಸ್ಲಾಟಿನಲ್ಲಿ ಹಾಕಿದರೂ ದೋಷ ತೋರಿಸಿ, ಉಳಿದದ್ದು ಎಲ್ಲ ಸ್ಲಾಟಿನಲ್ಲೂ ಪಾಸಾದರೆ ಕೆಟ್ಟದ್ದು ಆ ಕಡ್ಡಿಯೇ. ಮೆಮ್‌ಟೆಸ್ಟ್ ಪರದೆಯ ಫೋಟೋ, ಬಿಲ್ಲು, ಸೀರಿಯಲ್ ನಂಬರ್ ಜೊತೆಗಿಟ್ಟು, ಬದಲಿ ಕೊಡುವ ಅವಧಿ ಮುಗಿಯುವ ಮೊದಲೇ ಮಾರಿದವರಿಗೆ ಮರಳಿಸಬೇಕು.