ಅಲರ್ಟ್ ಬಂತು, ಷೇರು ಬಿದ್ದಿತ್ತೇ?

ಷೇರಿನ ಬೆಲೆ ನಾವು ಹೇಳಿದ ಮಟ್ಟ ಮುಟ್ಟಿದ ಕೂಡಲೇ ಮೊಬೈಲಿಗೆ ಸಂದೇಶ ಬರುವಂತೆ ಮಾಡುವುದಕ್ಕೆ ಪ್ರೈಸ್ ಅಲರ್ಟ್ ಎನ್ನುತ್ತಾರೆ. ಇಡುವುದು ಎರಡು ನಿಮಿಷದ ಕೆಲಸ. ಕಂಪನಿಯ ಹೆಸರು ಹುಡುಕಿ, ‘ಇದಕ್ಕಿಂತ ಕಡಿಮೆ’ ಅಥವಾ ‘ಇದಕ್ಕಿಂತ ಹೆಚ್ಚು’ ಆರಿಸಿ, ಅಂಕಿ ಬರೆದರೆ ಮುಗಿಯಿತು. ಇದಕ್ಕೆ ಡಿಮ್ಯಾಟ್ ಖಾತೆಯೂ ಬೇಡ, ಹಣವೂ ಬೇಡ. ಹಾಗಾಗಿ 18 ತುಂಬದ ನಮ್ಮಂಥವರೂ ಇಟ್ಟು ಕಲಿಯಬಹುದು. ನಾನು ಕಲಿತದ್ದು ಮಾತ್ರ ನನ್ನ ಮಾಮುವಿನ ಹಣದಿಂದ.

ಮಾಮುಗೆ ಟಿ. ನರಸೀಪುರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇದೆ. ಕಳೆದ ರಂಜಾನ್ ಹೊತ್ತಿಗೆ ಅವರು ನೆಸ್ಲೆ ಇಂಡಿಯಾದ 10 ಷೇರುಗಳನ್ನು ಸುಮಾರು 2,250 ರೂಪಾಯಿಯಂತೆ ಕೊಂಡರು. ಅಪಾಳ ಬಿ.ಎಡ್. ಫೀಸಿಗೆ ಕೂಡಿಟ್ಟಿದ್ದ ಹಣ ಅದು. ನೆಸ್ಲೆಯೇ ಏಕೆ ಎಂದರೆ ಅವರ ಉತ್ತರ ಒಂದೇ: “ನಂಜನಗೂಡಲ್ಲಿ ಫ್ಯಾಕ್ಟರಿ ಇದೆ, ಕಣ್ಣಿಗೆ ಕಾಣ್ತದೆ.” ನಾನು ಕಾಮರ್ಸ್ ಓದುವವನಲ್ಲವೇ, ಅವರ ಫೋನಿನಲ್ಲಿ ದೊಡ್ಡ ಗತ್ತಿನಿಂದ ಅಲರ್ಟ್ ಇಟ್ಟುಕೊಟ್ಟೆ. ಬೆಲೆ 2,000ಕ್ಕಿಂತ ಇಳಿದರೆ ಸಂದೇಶ ಬರಲಿ ಎಂದು. ಏಕೆ 2,000? ದುಂಡು ಸಂಖ್ಯೆ ಎಂಬುದನ್ನು ಬಿಟ್ಟರೆ ನನ್ನಲ್ಲಿ ಕಾರಣವಿರಲಿಲ್ಲ.

2025ರ ಆಗಸ್ಟ್ 8, ಶುಕ್ರವಾರ. ವರಮಹಾಲಕ್ಷ್ಮಿ ಹಬ್ಬದ ದಿನ. ಮಾರುಕಟ್ಟೆ ತೆರೆಯುವುದು 9:15ಕ್ಕೆ, ಅದೇ ಹೊತ್ತಿಗೆ ಮಾಮುಗೆ ಸಂದೇಶ ಬಂತು. ಹಿಂದಿನ ದಿನ 2,200ರ ಆಸುಪಾಸಿನಲ್ಲಿದ್ದ ಷೇರು 1,100ರ ಆಸುಪಾಸಿಗೆ ಬಂದಿತ್ತು. ಖಾತೆ ತೆರೆದರೆ ಅಲ್ಲಿಯೂ ಹಣ ಅರ್ಧ. ನನಗೆ ಕರೆ ಮಾಡಿದ್ದಾರೆ, ಆದರೆ ಕಾಲೇಜಿಗೆ ಫೋನ್ ತರುವಂತಿಲ್ಲ, ನನ್ನದು ಮನೆಯಲ್ಲಿತ್ತು. ಜುಮಾ ನಮಾಜಿಗೆಂದು ಮನೆಗೆ ಹೋದಾಗ ನೋಡಿದರೆ ಏಳು ಮಿಸ್ಡ್ ಕಾಲ್. ಅಷ್ಟರಲ್ಲಿ ಅವರು ‘ಉಳಿದದ್ದಾದರೂ ಉಳಿಯಲಿ’ ಎಂದು ನಾಲ್ಕು ಷೇರು ಮಾರಿಯಾಗಿತ್ತು.

ಷೇರು ಬಿದ್ದಿರಲಿಲ್ಲ. ಕಂಪನಿ ಒಂದಕ್ಕೊಂದು ಬೋನಸ್ ಕೊಟ್ಟಿತ್ತು, ಆ ಶುಕ್ರವಾರವೇ ಅದರ ರೆಕಾರ್ಡ್ ದಿನಾಂಕ. ನಮ್ಮ ಅಕೌಂಟೆನ್ಸಿಯಲ್ಲಿ ಬರುವ ವಿಷಯವೇ ಇದು. ಕಂಪನಿ ತನ್ನ ಮೀಸಲು ನಿಧಿಯನ್ನು ಷೇರು ಬಂಡವಾಳಕ್ಕೆ ವರ್ಗಾಯಿಸಿ, ಇರುವ ಪ್ರತಿ ಷೇರಿಗೆ ಇನ್ನೊಂದನ್ನು ಉಚಿತವಾಗಿ ಕೊಡುತ್ತದೆ. ಕಂಪನಿಗೆ ಹೊಸ ಹಣ ಬರುವುದಿಲ್ಲ, ಹೊರಗೂ ಹೋಗುವುದಿಲ್ಲ. ಷೇರುಗಳು ಎರಡು ಪಟ್ಟಾದಾಗ ತಲಾ ಬೆಲೆ ಅರ್ಧವಾಗಲೇಬೇಕು. 10 ಷೇರು 2,200ರಂತೆ 22,000. 20 ಷೇರು 1,100ರಂತೆ ಅದೇ 22,000. ಪರೀಕ್ಷೆಯಲ್ಲಿ ಬಂದರೆ ನಾನು ಸರಿಯಾಗಿಯೇ ಬರೆಯುತ್ತಿದ್ದೆ. ಫೋನಿನಲ್ಲಿ ಬಂದಾಗ ಅದು ಬೋನಸ್ ಎಂದು ಯಾರಿಗೂ ಹೊಳೆಯಲಿಲ್ಲ.

ಇನ್ನೊಂದು ತೊಡಕು ಇದೆ. ಬೆಲೆ ರೆಕಾರ್ಡ್ ದಿನದ ಬೆಳಿಗ್ಗೆಯೇ ಅರ್ಧವಾಗುತ್ತದೆ, ಬೋನಸ್ ಷೇರು ಖಾತೆಗೆ ಬರುವುದು ಅದರ ನಂತರ. ಸೆಬಿ ನಿಯಮದಂತೆ ಈಗ ರೆಕಾರ್ಡ್ ದಿನದಿಂದ ಎರಡನೇ ವಹಿವಾಟು ದಿನ ಬೋನಸ್ ಷೇರುಗಳ ಮಾರಾಟ ಶುರುವಾಗಬೇಕು. ನಡುವೆ ಶನಿವಾರ, ಭಾನುವಾರ ಬಂದರೆ? ಅಷ್ಟೂ ದಿನ ಖಾತೆ ‘ಅರ್ಧ ಹೋಯಿತು’ ಎಂದೇ ತೋರಿಸುತ್ತದೆ. ಮಾಮು ನೋಡಿದ್ದು ಅದನ್ನೇ.

ಅದೃಷ್ಟಕ್ಕೆ ಬೋನಸ್ ಹತ್ತೂ ಷೇರಿಗೆ ಬಂತು, ಏಕೆಂದರೆ ಆ ದಿನ ಮಾರಿದರೂ ಬೋನಸಿನ ಹಕ್ಕು ಹಳೆಯ ಮಾಲೀಕನದೇ. ಹಾಗಾಗಿ ಮಾಮು ಬಳಿ ಈಗ 16 ಷೇರುಗಳಿವೆ. ಆದರೆ ಲಾಭ ನಷ್ಟದ ಪಟ್ಟಿಯಲ್ಲಿ ಒಂದು ವಿಚಿತ್ರ ಉಳಿದಿದೆ. ಮಾರಿದ ನಾಲ್ಕರ ಖರೀದಿ 9,000, ಮಾರಾಟ 4,400, ನಷ್ಟ 4,600. ತೆರಿಗೆ ಲೆಕ್ಕದಲ್ಲಿ ಬೋನಸ್ ಷೇರಿನ ಖರೀದಿ ಬೆಲೆ ಸೊನ್ನೆ, ಹಳೆಯ ಷೇರಿನ ಮೇಲೆ ಪೂರ್ತಿ ಬೆಲೆ ಉಳಿಯುತ್ತದೆ, ಆದ್ದರಿಂದ ಹೀಗೆ. ಅಪಾಗೆ ಇದನ್ನು ವಿವರಿಸಲು ನನಗೆ ಒಂದು ಸಂಜೆ ಬೇಕಾಯಿತು. ಅವಳು ಪೂರ್ತಿ ನಂಬಿದ್ದಾಳೆ ಎಂದು ನನಗೆ ಅನಿಸಿಲ್ಲ.

ಇದೇ ಷೇರಿಗೆ ಇಂಥದ್ದು ಹಿಂದೆಯೂ ಆಗಿತ್ತು. 2024ರ ಜನವರಿ 5ರಂದು 10 ರೂಪಾಯಿ ಮುಖಬೆಲೆಯ ಒಂದು ಷೇರನ್ನು 1 ರೂಪಾಯಿಯ ಹತ್ತು ಷೇರುಗಳಾಗಿ ಒಡೆದಾಗ, 27 ಸಾವಿರದ ಆಸುಪಾಸಿನ ಬೆಲೆ ಒಂದೇ ದಿನದಲ್ಲಿ 2,700ರ ಆಸುಪಾಸಿಗೆ ಬಂತು. ಆದರೆ 2015ರ ಜೂನ್‌ನಲ್ಲಿ ಬಿದ್ದದ್ದು ನಿಜವಾದ ಬೀಳು. ಮ್ಯಾಗಿಯಲ್ಲಿ ಸೀಸದ ಅಂಶ ಹೆಚ್ಚಿದೆ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ ಜೂನ್ 5ರಂದು ಮಾರಾಟ ನಿಲ್ಲಿಸಿತು. ಆಗಸ್ಟ್ 13ರಂದು ಬಾಂಬೆ ಹೈಕೋರ್ಟ್ ಆ ಆದೇಶ ರದ್ದುಮಾಡಿ ಹೊಸ ಪರೀಕ್ಷೆಗೆ ಹೇಳಿತು, ಅಕ್ಟೋಬರ್‌ನಲ್ಲಿ ನಂಜನಗೂಡಿನಲ್ಲೂ ಮ್ಯಾಗಿ ತಯಾರಿಕೆ ಮತ್ತೆ ಶುರುವಾಯಿತು. ಅಲರ್ಟ್‌ಗೆ ಈ ಎರಡರ ನಡುವಿನ ವ್ಯತ್ಯಾಸ ಗೊತ್ತಿಲ್ಲ, ಕೊನೆಯ ವಹಿವಾಟಿನ ಬೆಲೆ ಮಾತ್ರ ಗೊತ್ತು. ಬೋನಸ್ ಬಂದಾಗ ಕೆಲವು ಆ್ಯಪ್‌ಗಳು ಅಲರ್ಟ್‌ನ ಅಂಕಿಯನ್ನು ತಾವೇ ಸರಿಪಡಿಸುತ್ತವೆ, ಕೆಲವು ಇಲ್ಲ. ‘ಶೇ 10 ಇಳಿದರೆ’ ಎಂದು ಇಟ್ಟರೂ ಇದೇ ಮೋಸ ಆಗಬಹುದು. ಆದ್ದರಿಂದ ಸಂದೇಶ ಬಂದ ಕೂಡಲೇ ಎನ್‌ಎಸ್‌ಇ ಅಥವಾ ಬಿಎಸ್‌ಇ ಜಾಲತಾಣದಲ್ಲಿ ಆ ಕಂಪನಿಯ ಪುಟಕ್ಕೆ ಹೋಗಿ, ‘ಕಾರ್ಪೊರೇಟ್ ಆಕ್ಷನ್ಸ್’ ಎಂಬಲ್ಲಿ ದಿನಾಂಕ ನೋಡಬೇಕು. ಬೋನಸ್, ಒಡೆತ, ಡಿವಿಡೆಂಡ್ ಎಲ್ಲವೂ ಅಲ್ಲಿರುತ್ತವೆ. ನನಗೆ ಜೂನ್‌ನಲ್ಲೇ ಗೊತ್ತಾಗಬಹುದಿತ್ತು, ಬೋನಸ್ ಪ್ರಕಟವಾದದ್ದು ಆಗಲೇ.

ಅಲರ್ಟ್ ಬಂದ ತಕ್ಷಣ ಏನಾದರೂ ಮಾಡಲೇಬೇಕು ಎಂಬ ಅವಸರ ಎಲ್ಲಿಂದ ಬರುತ್ತದೋ. ಮಾಮು ಅಂಗಡಿಗೆ ಬರುವ ಒಬ್ಬ ರೇಷ್ಮೆ ಬೆಳೆಗಾರರು ರಾಮನಗರದ ಗೂಡಿನ ದರ ಕೇಳಲು ದಿನಾ ಫೋನ್ ಮಾಡುತ್ತಾರೆ. ಅವರ ಅವಸರಕ್ಕೆ ಅರ್ಥವಿದೆ. ಕಾದರೆ ಚಿಟ್ಟೆ ಗೂಡು ಕೊರೆದು ಹೊರಬರುತ್ತದೆ, ಆಮೇಲೆ ಅದರಿಂದ ನೂಲು ತೆಗೆಯಲಾಗದು. ಷೇರಿನೊಳಗೆ ಚಿಟ್ಟೆ ಇಲ್ಲ. ಸಂಜೆಯವರೆಗೆ ಕಾದರೂ ನಡೆಯುತ್ತಿತ್ತು.

ಇನ್ನು ಷೇರು ಹರಾಮೋ ಹಲಾಲೋ ಎಂದು ನಾನಿ ಕೇಳಿದ್ದಾರೆ. ನಿಫ್ಟಿ50 ಶರಿಯಾ ಎಂಬ ಸೂಚ್ಯಂಕವೇ ಇದೆ, ಸಾಲ ಮತ್ತು ಬಡ್ಡಿ ಆದಾಯ ನೋಡಿ ಕಂಪನಿಗಳನ್ನು ಆರಿಸುತ್ತಾರೆ ಎಂದಷ್ಟೇ ಹೇಳಿದೆ. ಫತ್ವಾ ಕೊಡುವ ಯೋಗ್ಯತೆ ನನಗಿಲ್ಲ, ಮಸೀದಿಯ ಹಜ್ರತ್ ಅವರನ್ನು ಕೇಳಿ ಎಂದೆ.

ಈಗ ಮಾಮು ಫೋನಿನಲ್ಲಿ ಹೊಸ ಅಲರ್ಟ್ ಇದೆ, 1,000ಕ್ಕೆ. ಗೂಗಲ್ ಶೀಟ್ಸ್‌ನಲ್ಲಿ ಒಂದು ಪಟ್ಟಿಯನ್ನೂ ಮಾಡಿದ್ದೇನೆ. ಅದರಲ್ಲಿ ಬೆಲೆ 20 ನಿಮಿಷದವರೆಗೆ ತಡವಾಗಿ ಬರಬಹುದು, ನಮಗೆ ಅದೇ ಒಳ್ಳೆಯದು. ಅಂಕಿಯ ಪಕ್ಕದ ಕಾಲಂನಲ್ಲಿ ಕಾರಣ ಬರೆದಿದ್ದೇನೆ: “ಹಳೆಯ 2,000, ಬೋನಸ್ ನಂತರ 1,000. ಫೀಸ್ ಕಟ್ಟುವುದು ಜೂನ್‌ನಲ್ಲಿ. ಅದಕ್ಕೆ ಮೊದಲು ಸಂದೇಶ ಬಂದರೆ ಸುದ್ದಿ ನೋಡುವುದು, ಮಾರುವುದಲ್ಲ.” ಅದರ ಕೆಳಗೆ ಮಾಮು ತಾವೇ ಒಂದು ಸಾಲು ಸೇರಿಸಿದ್ದಾರೆ: “ಹುಡುಗ ಕಾಲೇಜಿಂದ ಬರೋದು ನಾಲ್ಕು ಗಂಟೆಗೆ.”