ನೆಲದೊಳಗಿನ ಎರಡು ಗಂಟು: ಜೋಳದ ಮಿಡತೆ ಮತ್ತು ಜೇಕು



ಪೆದ್ದಕಡುಬೂರು, ಕೋಸಿಗಿ, ಆದೋನಿ ಕಡೆಯ ಎರೆಹೊಲಗಳು ಬೇಸಿಗೆಯಲ್ಲಿ ಬರಿದಾಗಿ ಕಾಣುತ್ತವೆ. ಹುಳುವೂ ಇಲ್ಲ, ಕಳೆಯೂ ಇಲ್ಲ ಎಂದು ನಾವು ಸುಮ್ಮನಿರುತ್ತೇವೆ. ಆದರೆ ಆ ನೆಲದೊಳಗೆ ಎರಡು ಗಂಟು ಮಳೆಗಾಗಿ ಕಾದಿರಬಹುದು. ಒಂದು ಮಿಡತೆಯ ತತ್ತಿ, ಇನ್ನೊಂದು ಜೇಕಿನ ಗಡ್ಡೆ. ಇವೆರಡನ್ನೂ ಹೋಲಿಸಿ ನೋಡಿದರೆ ರೆಂಟೆ ಯಾವಾಗ ಹೂಡಬೇಕೆಂಬುದು ತಾನೇ ತಿಳಿಯುತ್ತದೆ.

ಮಿಡತೆ: ಇದು ಹಾರಲಾರದ, ರೆಕ್ಕೆಯಿಲ್ಲದ ದಖನ್ನಿನ ಮಿಡತೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ನರು ಇದನ್ನು ಅಭ್ಯಾಸ ಮಾಡಿ 1911ರಲ್ಲಿ ಪುಸ್ತಿಕೆ ಬರೆದರು. 'ಕೋಲ್ಮೇನಿಯ' ಎಂಬ ಇದರ ಶಾಸ್ತ್ರನಾಮ ಅವರ ಹೆಸರಿನಿಂದಲೇ ಬಂದದ್ದು. ವರ್ಷಕ್ಕೆ ಒಂದೇ ಪೀಳಿಗೆ. ಹಿಂಗಾರಿನಲ್ಲಿ ಮಣ್ಣಿನೊಳಗೆ ಗೊಂಚಲಾಗಿ ಇಟ್ಟ ತತ್ತಿಗಳು ಮುಂಗಾರು ಮಳೆಗೆ ಒಡೆಯುತ್ತವೆ.

ಜೇಕು: ಇದನ್ನು ತುಂಗೆ, ಕೊನ್ನಾರಿ ಎಂದೂ ಕರೆಯುತ್ತಾರೆ. ನೋಡಲು ಹುಲ್ಲಿನಂತಿದ್ದರೂ ಹುಲ್ಲಿನ ಜಾತಿಯದಲ್ಲ. ಹೂವಿನ ಕಡ್ಡಿಯನ್ನು ಬೆರಳಲ್ಲಿ ಹೊರಳಿಸಿರಿ. ಮೂರು ಏಣು ಸಿಕ್ಕುತ್ತವೆ. ಬೀಜಕ್ಕಿಂತ ಗಡ್ಡೆಯಿಂದಲೇ ಇದರ ವಂಶ ಬೆಳೆಯುವುದು. ಗಡ್ಡೆಗಳು ಸರಪಳಿಯಂತೆ ಒಂದಕ್ಕೊಂದು ಕೂಡಿರುತ್ತವೆ.

ಎರಡಕ್ಕೂ ಇರುವ ಹೋಲಿಕೆ ಇಷ್ಟು: ಕಷ್ಟಕಾಲವನ್ನು ಮಣ್ಣಿನಡಿ ಕಳೆಯುತ್ತವೆ, ಬಿಸಿಲಿಗೆ ಬಿದ್ದರೆ ಒಣಗಿ ಸಾಯುತ್ತವೆ. ಮೇಲೆ ಬಿದ್ದ ತತ್ತಿಯನ್ನು ಹಕ್ಕಿಗಳೂ ಹೆಕ್ಕುತ್ತವೆ. ಆದ್ದರಿಂದ ಬೇಸಿಗೆಯ ಒಣ ಉಳುಮೆ ಒಂದೇ ಖರ್ಚಿನಲ್ಲಿ ಇಬ್ಬರು ವೈರಿಗಳಿಗೂ ಪೆಟ್ಟು.

ವ್ಯತ್ಯಾಸ ಇರುವುದು ಮುಂದೆ. ಮಳೆ ಬಿದ್ದ ಮೇಲೆ ಉತ್ತರೆ ಮಿಡತೆಯ ಮಟ್ಟಿಗೆ ಹೊತ್ತು ಮೀರಿದಂತೆ; ಮರಿಗಳು ಆಗಲೇ ಹೊರಬಿದ್ದಿರುತ್ತವೆ. ಜೇಕಿಗಾದರೋ ಆ ಉಳುಮೆ ಉಪಕಾರವೇ ಸರಿ. ಸರಪಳಿಯ ತುದಿಯ ಗಡ್ಡೆ ಚಿಗುರಿದಾಗ ಉಳಿದವು ಮಲಗಿರುತ್ತವೆ. ಹಸಿಮಣ್ಣಿನಲ್ಲಿ ಕುಂಟೆ ಹೊಡೆದು ಸರಪಳಿ ತುಂಡರಿಸಿದರೆ ಮಲಗಿದ್ದವೂ ಎದ್ದು ಚಿಗುರುತ್ತವೆ. ಕಳೆ ತೆಗೆದೆವೆಂದು ತಿಳಿದು ನಾವು ಕಳೆಯನ್ನೇ ನಾಟಿ ಮಾಡಿರುತ್ತೇವೆ.

ಇನ್ನೊಂದು ಮಾತು. ಮಿಡತೆ ಬದುವಿನ ಹುಲ್ಲಿನಿಂದ ಕಾಲ್ನಡಿಗೆಯಲ್ಲಿ ಹೊಲಕ್ಕೆ ಬರುತ್ತದೆ. ಜೇಕು ನಡೆಯಲಾರದು, ಅದನ್ನು ಹೊತ್ತು ತರುವವರು ನಾವೇ, ಕುಂಟೆಯಲ್ಲಿ, ಮಣ್ಣು ಮೆತ್ತಿದ ಟ್ರ್ಯಾಕ್ಟರಿನ ಗಾಲಿಯಲ್ಲಿ.

ಮಾಡಬೇಕಾದ ಕೆಲಸ:

1. ಬೆಳೆ ಕೊಯ್ದ ಮೇಲೆ ಬೇಸಿಗೆಯಲ್ಲಿ ಆಳವಾಗಿ ಉತ್ತು ಹೆಂಟೆಗಳನ್ನು ಬಿಸಿಲಿಗೆ ಬಿಡಿರಿ. ತುಂಗಭದ್ರಾ ಕಾಲುವೆಯ ನೀರು ಹಾಯುವ ಹೊಲವಾದರೆ ಮೊದಲು ನೀರು ನಿಲ್ಲಿಸಿ ನೆಲ ಒಣಗಿಸಿರಿ.

2. ಮೇಲೆ ಬಂದ ಗಡ್ಡೆಗಳನ್ನು ಆರಿಸಿ ಒಣಗಿಸಿ ಸುಡಿರಿ. ತಿಪ್ಪೆಗೆ ಎಸೆಯಬೇಡಿರಿ.

3. ಮುಂಗಾರು ಮಳೆಯ ನಂತರ ಬದುಗಳನ್ನು ತಿರುಗಿ ನೋಡಿರಿ. ಮಿಡತೆಯ ಮರಿಗಳು ಸಣ್ಣವಿದ್ದಾಗಲೇ ಬಲೆಯಿಂದ ಬಾಚಿ ಹಿಡಿಯುವುದು ಸುಲಭ.

4. ಜೇಕಿನ ಹೊಲದಲ್ಲಿ ದುಡಿದ ಕುಂಟೆಯನ್ನು ತೊಳೆಯದೆ ಬೇರೆ ಹೊಲಕ್ಕೆ ಹಾಕಬೇಡಿರಿ.

ತತ್ತಿಯ ಲೆಕ್ಕ ಒಂದು ವರ್ಷಕ್ಕೆ ತೀರುತ್ತದೆ. ಗಡ್ಡೆಯ ಲೆಕ್ಕ ಹಾಗೆ ತೀರುವುದಿಲ್ಲ. ಎರಡು ಮೂರು ಬೇಸಿಗೆ ಬಿಡದೆ ಉಳಬೇಕು. ಎರಡೆಕರೆಯ ಒಕ್ಕಲಿಗನಿಗೆ ಕಳೆಯ ಕೂಲಿಯೇ ಬೆಳೆಯ ಲಾಭವನ್ನು ನುಂಗುತ್ತದೆ. ಆ ಹಣ ಉಳಿಯುವುದೂ ಹೋಗುವುದೂ ರೆಂಟೆ ಬಿಸಿಲಿಗೆ ಹೂಡಿದಿರೋ, ಮಳೆಗೆ ಹೂಡಿದಿರೋ ಎಂಬುದರ ಮೇಲೆ.